ಎರಡೂವರೆ ಕಿಲೋದ ಮಕ್ಕಳು

ತೊಂಬತ್ತರ ದಶಕದಲ್ಲಿ ನಾಗಪುರದ ಧರಮಪೇಠದ ಒಂದು ಪುಟ್ಟ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ಎರಡೂವರೆ ಕಿಲೋ ಇದ್ದವು. ಬ್ಯಾಂಕಿನವರ ಮಗ ಎರಡೂವರೆ ಕಿಲೋ, ರೈಲ್ವೆಯವರ ಅವಳಿ ಹೆಣ್ಣುಮಕ್ಕಳು ತಲಾ ಎರಡೂವರೆ ಕಿಲೋ, ನಮ್ಮ ಕೆಳಗಿನ ಮನೆಯ ಮರಾಠಿ ಮೇಷ್ಟರ ಮೊಮ್ಮಗಳೂ ಎರಡೂವರೆ ಕಿಲೋ. ನನ್ನ ಮಗಳ ಕಾರ್ಡಿನಲ್ಲೂ ಅದೇ ಬರೆದಿತ್ತು. ಇದು ವಿಚಿತ್ರ ಎಂದು ನಮಗೆ ಯಾರಿಗೂ ಅನ್ನಿಸಲಿಲ್ಲ. ಅಂಗಡಿಯಲ್ಲಿ ಬೇಳೆಯ ಪೊಟ್ಟಣ ಕಟ್ಟಿಡುವ ಹಾಗೆ ದೇವರೂ ಒಂದೇ ಅಳತೆಯಲ್ಲಿ ಕಟ್ಟಿ ಕಳಿಸುತ್ತಾನೆ ಎಂದು ನಂಬಿಕೊಂಡಿದ್ದೆವೋ ಏನೋ.

ಆ ಮಕ್ಕಳನ್ನೆಲ್ಲ ತೂಗಿದವರು ಹೋದ ತಿಂಗಳು ತೀರಿಕೊಂಡರು. ಆ ಆಸ್ಪತ್ರೆಯ ನರ್ಸ್ ಅವರು. ಹೆಸರು ಬರೆಯುವುದಿಲ್ಲ. ಬರೆದರೂ ನಾಗಪುರದ ಕನ್ನಡದವರಿಗೆ ಗುರುತು ಸಿಕ್ಕುವುದು ಅನುಮಾನ, ಯಾಕೆಂದರೆ ಆ ಹೆಸರಿನಿಂದ ಅವರನ್ನು ಕರೆದವರೇ ಇಲ್ಲ. ಮರಾಠಿಯವರಿಗೂ ನಮಗೂ ಅವರು ಸಿಸ್ಟರ್‌ಬಾಯಿ. ನನಗೆ ಮಾತ್ರ ಆಮೇಲೆ ಅಕ್ಕ ಆದರು, ನಡುವೆ ಒಂದು ಮೂರು ತಿಂಗಳು ಯಾರೂ ಅಲ್ಲದವರಾದರು, ಮತ್ತೆ ಅಕ್ಕ ಆದರು.

ನಾನು ಅವರನ್ನು ಮೊದಲು ನೋಡಿದ್ದು ತೊಂಬತ್ತೆರಡರ ಜನವರಿಯ ಚಳಿಯಲ್ಲಿ. ನನಗೆ ಇಪ್ಪತ್ತೊಂದು ವರ್ಷ. ಕೇಂದ್ರ ಸರ್ಕಾರದ ಆಫೀಸಿನಲ್ಲಿದ್ದ ಗಂಡನಿಗೆ ವರ್ಗವಾಗಿ ಮೈಸೂರು ಕಡೆಯಿಂದ ಬಂದು ವರ್ಷ ತುಂಬಿರಲಿಲ್ಲ. ಮರಾಠಿ ಒಂದಕ್ಷರ ಬಾರದು, ಹಿಂದಿ ಅಂದರೆ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದಷ್ಟೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತ ನನ್ನನ್ನು ಅವರು ಮರಾಠಿಯಲ್ಲಿ ಏನೋ ಕೇಳಿದರು. ನಾನು ಕಣ್ಣು ಕಣ್ಣು ಬಿಟ್ಟೆ. ನನ್ನ ಗಂಡ ಹಿಂದಿಯಲ್ಲಿ ಉತ್ತರ ಕೊಡಹೋಗಿ ಎಡವಿದರು. ನಾವಿಬ್ಬರೂ ಕನ್ನಡದಲ್ಲಿ ಪಿಸುಗುಟ್ಟಿಕೊಂಡಿದ್ದು ಅವರ ಕಿವಿಗೆ ಬಿತ್ತು. ಬಿಪಿ ನೋಡುವ ಪಟ್ಟಿಯನ್ನು ನನ್ನ ತೋಳಿಗೆ ಅರ್ಧ ಸುತ್ತಿದ್ದವರು ಅಲ್ಲಿಗೇ ಕೈಬಿಟ್ಟು, "ಕನ್ನಡದವರೇನು? ಮೊದಲ ಹೇಳಬಾರದೇನು?" ಎಂದರು. ಬೈಯುವ ದನಿಯಲ್ಲೇ ಅಂದದ್ದು, ಆದರೆ ನನಗೆ ಕಣ್ಣಲ್ಲಿ ನೀರು ಬಂತು.

ಅವರು ವಿಜಾಪುರದ ಕಡೆಯವರು. ಗಂಡನಿಗೆ ಕಳಮೇಶ್ವರದ ಕಾರ್ಖಾನೆಯೊಂದರಲ್ಲಿ ಕೆಲಸ. ಕುಳ್ಳಗೆ, ಕಪ್ಪಗೆ, ಗಾಳಿ ಬಂದರೆ ಹಾರಿಹೋಗುವಷ್ಟು ಸಣ್ಣ ಮೈ. ಬಿಳಿ ಸೀರೆ, ತಾಳಿಯ ಸರದಲ್ಲಿ ಒಂದು ಗೊಂಚಲು ಪಿನ್ನು. ಯಾರ ಮಗುವನ್ನು ಎತ್ತಿಕೊಂಡರೂ ಮೊದಲು ಅದರ ನೆತ್ತಿಯನ್ನು ಮೂಸುತ್ತಿದ್ದರು. ನನ್ನ ಕನ್ನಡ ಕೇಳಿದರೆ ಅವರಿಗೆ ನಗು. "ನಿಮ್ಮದು ಪುಸ್ತಕದಾಗಿನ ಕನ್ನಡ ಯವ್ವಾ. ಬಾಯಿ ಸುಟ್ಟೀತು ಅಂತ ಊದಿ ಊದಿ ಮಾತಾಡತೀರಿ," ಎನ್ನುತ್ತಿದ್ದರು. ಅವರ ಕನ್ನಡವೇನು ಕಡಿಮೆಯೇ, ಅರ್ಧ ವಿಜಾಪುರ, ಕಾಲು ಮರಾಠಿ, ಉಳಿದದ್ದು ಆಸ್ಪತ್ರೆಯ ಇಂಗ್ಲಿಷು. ನಾನೂ ತಿರುಗಿ ಅಣಕಿಸುತ್ತಿದ್ದೆ. ಅವರು ಬೇಸರ ಮಾಡಿಕೊಂಡದ್ದು ನಾನು ನೋಡಿಲ್ಲ.

ಚಹಾವನ್ನು ಬಸಿಗೆ, ಅಂದರೆ ಸಾಸರಿಗೆ, ಸುರಿದುಕೊಂಡೇ ಕುಡಿಯಬೇಕು. ಅದಕ್ಕೆ ಎರಡು ಚಮಚ ಸಕ್ಕರೆ ಬೇಕು. ಅವರಿಗೆ ಸಕ್ಕರೆ ಕಾಯಿಲೆ ಇದೆ ಎಂದು ನನಗೆ ಗೊತ್ತಾಗುವ ಹೊತ್ತಿಗೆ ನಮ್ಮ ಮನೆಯಲ್ಲೇ ಏನಿಲ್ಲೆಂದರೂ ಒಂದು ಚೀಲ ಸಕ್ಕರೆ ಕುಡಿದು ಮುಗಿಸಿದ್ದರು. ಮೂವತ್ತೈದನೆಯ ವಯಸ್ಸಿಗೇ ಬಂದಿತ್ತಂತೆ. ಇಷ್ಟು ಸಣ್ಣ ಮೈಯವರಿಗೆ ಹೇಗೆ ಬಂತು ಎಂದು ಕೇಳಿದರೆ ಹಣೆ ತೋರಿಸುತ್ತಿದ್ದರು.

ಒಂದು ಪ್ರಸಂಗ ಹೇಳಿದರೆ ಅವರು ಎಂಥವರೆಂದು ಗೊತ್ತಾಗುತ್ತದೆ. ಮೂರನೆಯದೂ ಹೆಣ್ಣಾಯಿತೆಂದು ಒಬ್ಬ ಗಂಡಸು ಆಸ್ಪತ್ರೆಯ ಹಜಾರದಲ್ಲಿ ನಿಂತು ಹೆಂಡತಿಯನ್ನು ಬೈಯುತ್ತಿದ್ದನಂತೆ. ಇವರು ಒಳಗಿನಿಂದ ಕೂಸನ್ನು ತಂದು ಅವನ ಎರಡೂ ಕೈಗಳ ಮೇಲೆ ಇಟ್ಟು, ಚಹಾ ಕುಡಿದು ಬರುತ್ತೇನೆ, ಅಲ್ಲಿಯತನಕ ಹಿಡಿದಿರಿ ಎಂದು ಹೇಳಿ ಹೋದರು. ಹೋದವರು ಒಂದು ತಾಸು ಬರಲಿಲ್ಲ. ಕೈ ಅಲ್ಲಾಡಿಸಿದರೆ ಕೂಸು ಏಳುತ್ತದೆ, ಇಡೋಣವೆಂದರೆ ಜಾಗವಿಲ್ಲ, ಆ ಮನುಷ್ಯ ಬೆವರುತ್ತ ನಿಂತ. ಇವರು ಬಂದು ನೋಡುವ ಹೊತ್ತಿಗೆ ಬೈಗುಳವೆಲ್ಲ ಎಲ್ಲಿ ಹೋಯಿತೋ, ಕೂಸಿನ ಮುಖಕ್ಕೆ ಬಿಸಿಲು ಬೀಳದ ಹಾಗೆ ಬೆನ್ನು ತಿರುಗಿಸಿಕೊಂಡು ನಿಂತಿದ್ದನಂತೆ. ಇದನ್ನು ಅವರು ನನಗೆ ಹತ್ತು ಸಲವಾದರೂ ಹೇಳಿದ್ದಾರೆ, ಹೇಳಿದಾಗಲೆಲ್ಲ ಅವನು ನಿಂತ ಭಂಗಿಯನ್ನು ನಿಂತು ತೋರಿಸಿದ್ದಾರೆ.

ನನ್ನ ಹೆರಿಗೆಗೆ ಅತ್ತೆ ಮೈಸೂರು ಕಡೆಯಿಂದ ಬಂದರು. ನನ್ನ ತಾಯಿ ನಾನು ಶಾಲೆಗೆ ಹೋಗುವಾಗಲೇ ತೀರಿಕೊಂಡಿದ್ದರು. ಅತ್ತೆ ಕೆಟ್ಟವರಲ್ಲ, ಆದರೆ ಅವರಿಗೆ ಒಂದು ನಂಬಿಕೆಯಿತ್ತು, ಅದು ಅವರೊಬ್ಬರದೇ ನಂಬಿಕೆಯೂ ಅಲ್ಲ. ಏಳು ತಿಂಗಳು ತುಂಬಿದ ಮೇಲೆ ಬಸುರಿ ಕಡಿಮೆ ಉಣ್ಣಬೇಕು, ಉಂಡರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ, ಆಮೇಲೆ ಹೊಟ್ಟೆ ಕೊಯ್ಯುತ್ತಾರೆ. ಕೊಯ್ಯುವುದೆಂದರೆ ನನಗೆ ಭಯ. ಅವರು ಒಂದು ಚಪಾತಿ ಕಡಿಮೆ ಮಾಡು ಎಂದರೆ ನಾನು ಎರಡು ಕಡಿಮೆ ಮಾಡಿದೆ. ಸಿಸ್ಟರ್‌ಬಾಯಿ ತಿಂಗಳು ತಿಂಗಳು ನನ್ನ ತೂಕ ನೋಡಿ ಮುಖ ಗಂಟಿಕ್ಕುತ್ತಿದ್ದರು. ತಮ್ಮ ಡಬ್ಬಿಯಿಂದ ಹುರಿದ ಶೇಂಗಾ, ಬೆಲ್ಲ ತೆಗೆದು ನನ್ನ ಕೈಗೆ ಹಾಕಿ ಎದುರಿಗೇ ನಿಲ್ಲುತ್ತಿದ್ದರು. ನಾನು ಎರಡು ಕಾಳು ಬಾಯಿಗೆ ಹಾಕಿಕೊಂಡು, ಅವರು ಅತ್ತ ತಿರುಗಿದಾಗ ಉಳಿದದ್ದನ್ನು ಪರ್ಸಿಗೆ ಹಾಕಿಕೊಂಡು, ಹೊರಗೆ ರಸ್ತೆಯಲ್ಲಿ ಹಸುವಿಗೆ ಕೊಟ್ಟುಬಿಡುತ್ತಿದ್ದೆ. ಆ ಹಸು ಚೆನ್ನಾಗಿ ದಪ್ಪವಾಯಿತು.

ಮೇ ತಿಂಗಳ ಉರಿಯಲ್ಲಿ ಮಗಳು ಹುಟ್ಟಿದಳು. ನಾಗಪುರದ ಮೇ ತಿಂಗಳು ಅಂದರೆ ಕೂಲರಿನ ಗಾಳಿಯೂ ಬಿಸಿ. ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ. ಮಗುವನ್ನು ಬಟ್ಟೆಯ ಜೋಲಿಯಲ್ಲಿ ಹಾಕಿ ಕೊಕ್ಕೆಯ ತಕ್ಕಡಿಗೆ ತೂಗುಹಾಕಿ, ಮುಳ್ಳು ನಿಂತ ಮೇಲೆ ಸಿಸ್ಟರ್‌ಬಾಯಿ ಬಾಗಿಲಿಗೆ ಬಂದು, ಹಜಾರದಲ್ಲಿ ಕಾಯುತ್ತಿದ್ದವರಿಗೆಲ್ಲ ಕೇಳುವಂತೆ ಮರಾಠಿಯಲ್ಲಿ ಸಾರುತ್ತಿದ್ದರು. ಗಂಡೋ ಹೆಣ್ಣೋ ಮೊದಲು, ತೂಕ ಆಮೇಲೆ. "ಮುಲಗೀ. ಅಡೀಚ್ ಕಿಲೋ," ಎಂದರು. ಹೆಣ್ಣು, ಎರಡೂವರೆ ಕಿಲೋ. ಅತ್ತೆಗೆ ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು. ಹೆಣ್ಣಾದರೂ ತೂಕ ಚೆನ್ನಾಗಿದೆಯಲ್ಲ, ಸೊಸೆ ಚೆನ್ನಾಗಿ ಹೊತ್ತಳು ಎಂದು ಅತ್ತೆ ನನ್ನ ಮಾವನಿಗೆ ಫೋನಿನಲ್ಲಿ ಹೇಳಿದ್ದು ನನಗೆ ಇನ್ನೂ ನೆನಪಿದೆ. ಅತ್ತೆಯಿಂದ ನಾನು ಕೇಳಿದ ಮೊದಲ ಹೊಗಳಿಕೆ ಅದು.

ಆಮೇಲಿನ ಹನ್ನೆರಡು ವರ್ಷ ನಾನು ಮಾಡಿದ ಕೆಲಸ ಒಂದೇ, ಮಗಳನ್ನು ತಿನ್ನಿಸುವುದು. ಒಂದು ತುತ್ತು ಹೆಚ್ಚು ತಿಂದರೆ ನನಗೆ ಯುದ್ಧ ಗೆದ್ದ ಹಾಗೆ. ಡಬ್ಬಿಯ ಪುಡಿಹಾಲಿಗೆ ಮೇಲೆ ಒಂದು ಚಮಚ ಪುಡಿ, ಅದರ ಮೇಲೆ ಸಕ್ಕರೆ, ಅನ್ನಕ್ಕೆ ತುಪ್ಪ ತೇಲಬೇಕು. ಸಿಸ್ಟರ್‌ಬಾಯಿಯೂ ಹಾದಿಯಲ್ಲಿ ಸಿಕ್ಕಾಗಲೆಲ್ಲ ತಿನ್ನಿಸು ತಿನ್ನಿಸು ಎಂದೇ ಹೇಳುತ್ತಿದ್ದರು. ನಾಲ್ಕು ತಿಂಗಳಿಗೇ ಮಗುವಿನ ತೊಡೆಯಲ್ಲಿ ಮಡಿಕೆಗಳು ಬಿದ್ದವು. ಕೆಳಗಿನ ಮನೆಯ ಮರಾಠಿ ಹೆಂಗಸರು ಗುಟಗುಟೀತ, ಗುಂಡುಗುಂಡಗಿದ್ದಾಳೆ ಎಂದು ಗಲ್ಲ ಹಿಂಡಿದರೆ ನಾನು ಮನೆಗೆ ಬಂದು ದೃಷ್ಟಿ ತೆಗೆಯುತ್ತಿದ್ದೆ. ವರ್ಷ ತುಂಬಿದಾಗ ತೆಗೆಸಿದ ಫೋಟೋವನ್ನು ಸ್ಟುಡಿಯೋದವನು ಎರಡು ವರ್ಷ ತನ್ನ ಗಾಜಿನ ಕಿಟಕಿಯಲ್ಲಿ ಇಟ್ಟುಕೊಂಡಿದ್ದ. ಆ ರಸ್ತೆಯಲ್ಲಿ ನನಗೆ ಕೆಲಸವಿಲ್ಲದಿದ್ದರೂ ಹೋಗಿ ಬರುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಆ ಹೆರಿಗೆ ಆಸ್ಪತ್ರೆ ಮುಚ್ಚಿತು. ಸಿಸ್ಟರ್‌ಬಾಯಿ ಅಲ್ಲೇ ಧರಮಪೇಠದಲ್ಲಿ ಮಕ್ಕಳ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಸೇರಿಕೊಂಡರು. ವಯಸ್ಸಾದ ಮರಾಠಿ ಹೆಂಗಸು ಆ ಡಾಕ್ಟರು. ಶೀತ ಜ್ವರ ಎಂದು ಬಂದ ಮಗುವಿಗೂ ಅವರು ಕೇಳುವ ಮೊದಲ ಪ್ರಶ್ನೆ ಹುಟ್ಟಿದಾಗ ತೂಕ ಎಷ್ಟು ಎಂದು. ತಾಯಂದಿರು ಬೇಸತ್ತು, ಈಗ ಕೆಮ್ಮಿಗೂ ಆಗಿನ ತೂಕಕ್ಕೂ ಏನು ಸಂಬಂಧ ಎಂದರೆ, ಅವರು ಪೆನ್ನು ಕೆಳಗಿಟ್ಟು ನಿಧಾನವಾಗಿ ವಿವರಿಸುತ್ತಿದ್ದರಂತೆ. ಹೊಟ್ಟೆಯಲ್ಲಿದ್ದಾಗ ಊಟ ಸಾಲದೆ ಚಿಕ್ಕದಾಗಿ ಹುಟ್ಟಿದ ಮಗುವಿನ ಮೈ ಕಡಿಮೆಯಲ್ಲಿ ಬದುಕುವುದನ್ನು ಕಲಿತಿರುತ್ತದೆ. ಅಂಥ ಮಗುವಿಗೆ ಹುಟ್ಟಿದ ಮೇಲೆ ಅವಸರ ಅವಸರವಾಗಿ ತುಂಬಿಸಿ ದಪ್ಪ ಮಾಡಿದರೆ, ದೊಡ್ಡದಾದ ಮೇಲೆ ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಬರುವ ಸಂಭವ ಹೆಚ್ಚು. ಬಂದೇ ಬರುತ್ತದೆಂದಲ್ಲ. ಮೊದಲೇ ಗೊತ್ತಿದ್ದರೆ ಆಟ, ಊಟ, ವರ್ಷಕ್ಕೊಂದು ಪರೀಕ್ಷೆ, ಇಷ್ಟರಲ್ಲೇ ಬಹಳಮಟ್ಟಿಗೆ ತಡೆಯಬಹುದು. ಗೊತ್ತಿರಬೇಕು, ಅಷ್ಟೆ.

ಸಿಸ್ಟರ್‌ಬಾಯಿ ಪಕ್ಕದಲ್ಲಿ ನಿಂತು ಇದನ್ನು ದಿನಕ್ಕೆ ನಾಲ್ಕು ಸಲ ಕೇಳಿದರು. ತನಗೆ ಮೂವತ್ತೈದಕ್ಕೇ ಯಾಕೆ ಬಂತು ಎಂಬುದಕ್ಕೆ ಅವರಿಗೆ ಮೊದಲ ಸಲ ಉತ್ತರ ಸಿಕ್ಕಿತು. ಬರಗಾಲದ ವರ್ಷ, ಒಪ್ಪತ್ತು ಊಟದ ಮನೆಯಲ್ಲಿ ಹುಟ್ಟಿದವರು ಅವರು. "ನನ್ನ ಯಾರೂ ತೂಗಿಲ್ಲ ಬಿಡು. ತೂಗಿದ್ರೂ ಬೆಕ್ಕಿನ ಮರಿಯಷ್ಟ ಇದ್ದಿರಬೇಕು," ಎಂದು ಆಮೇಲೊಮ್ಮೆ ನನಗೆ ಹೇಳಿದರು. ಆದರೆ ಅವರನ್ನು ತಟ್ಟಿದ್ದು ಅದಲ್ಲ. ಒಂದು ದಿನ ಡಾಕ್ಟರು ನಗುತ್ತ, ಸಿಸ್ಟರ್, ಈ ಪೇಟೆಯಲ್ಲಿ ಎಲ್ಲರೂ ಅಡೀಚ್ ಕಿಲೋನೇ ಹುಟ್ಟುತ್ತಾರಲ್ಲ, ನೀರಿನಲ್ಲಿ ಏನಾದರೂ ಇದೆಯೇ ಎಂದು ಕೇಳಿದರಂತೆ. ಅವತ್ತು ಇವರಿಗೆ ಮಧ್ಯಾಹ್ನದ ಡಬ್ಬಿ ಬಿಚ್ಚಲು ಆಗಲಿಲ್ಲ.

ಡಾಕ್ಟರುಗಳ ಲೆಕ್ಕದಲ್ಲಿ ಎರಡೂವರೆ ಕಿಲೋ ಒಂದು ಗೆರೆ. ಅದಕ್ಕಿಂತ ಕಡಿಮೆಯಾದರೆ ಚಿಕ್ಕ ಮಗು ಎಂದು ಬರೆಯಬೇಕು. ಸಿಸ್ಟರ್‌ಬಾಯಿ ಅಷ್ಟು ವರ್ಷ ಆ ಗೆರೆಯ ಕೆಳಗೆ ಬಿದ್ದ ಮಕ್ಕಳನ್ನೆಲ್ಲ ಬಾಯಿಮಾತಿನಲ್ಲಿ ಮೇಲಕ್ಕೆತ್ತಿ ಕೂರಿಸಿದ್ದರು. ಹಜಾರದಲ್ಲಿ ಸಾರಿದ್ದನ್ನು ಕಾರ್ಡಿನಲ್ಲಿ ಬೇರೆ ಬರೆಯಲಾಗುತ್ತದೆಯೇ, ಅಲ್ಲೂ ಅದನ್ನೇ ಬರೆದಿದ್ದರು.

ಎರಡು ಸಾವಿರದ ನಾಲ್ಕರ ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಅರಿಶಿನ ಕುಂಕುಮ ಇಟ್ಟುಕೊಂಡಿದ್ದೆ. ಮಗಳಿಗೆ ಹನ್ನೆರಡು ನಡೆಯುತ್ತಿತ್ತು. ಅವಳೇ ಬಂದವರಿಗೆ ಎಳ್ಳು ಬೆಲ್ಲ ಹಂಚುತ್ತಿದ್ದಳು. ನನ್ನ ಸಲ್ವಾರ್ ಕಮೀಜು ಅವಳಿಗೆ ಬಿಗಿಯಾಗುತ್ತಿತ್ತು, ಅಷ್ಟು ಮೈ ತುಂಬಿತ್ತು. ಸಿಸ್ಟರ್‌ಬಾಯಿ ಅವಳನ್ನು ಹತ್ತಿರ ಕರೆದು ಜಡೆಯನ್ನು ಪಕ್ಕಕ್ಕೆ ಸರಿಸಿ ಕತ್ತಿನ ಹಿಂಭಾಗ ನೋಡಿದರು. ಅಲ್ಲಿ ಒಂದು ಕಪ್ಪು ಪಟ್ಟಿಯಿತ್ತು. ಅದು ಕೊಳೆ ಎಂದು ತಿಳಿದು ನಾನು ಎರಡು ವರ್ಷದಿಂದ ಪ್ರತಿ ಭಾನುವಾರ ಕಡಲೆಹಿಟ್ಟು ನಿಂಬೆರಸ ಹಾಕಿ, ಅವಳು ಅಳುವ ತನಕ ಉಜ್ಜುತ್ತಿದ್ದೆ. ಸ್ನಾನ ಸರಿಯಾಗಿ ಮಾಡುವುದಿಲ್ಲ ಎಂದು ಬೈಯುತ್ತಿದ್ದೆ. ಸಿಸ್ಟರ್‌ಬಾಯಿ ಜಡೆಯನ್ನು ಮೊದಲಿದ್ದ ಹಾಗೆ ಬಿಟ್ಟರು. ಅವತ್ತು ಚಹಾ ಬೇಡವೆಂದು ಹೋದರು.

ಮಾರನೆಯ ದಿನ ಮಧ್ಯಾಹ್ನ, ಮಗಳು ಶಾಲೆಯಲ್ಲಿದ್ದ ಹೊತ್ತು ನೋಡಿಕೊಂಡು ಬಂದರು. ಕೂರು ಎಂದರೆ ಕೂರಲಿಲ್ಲ. ಅಡುಗೆಮನೆಯ ಬಾಗಿಲು ಹಿಡಿದುಕೊಂಡು ನಿಂತರು.

"ನಿನ್ನ ಮಗಳು ಅಡೀಚ್ ಇದ್ದಿದ್ದಿಲ್ಲವಾ. ಒಂದು ಕಿಲೋ ಒಂಬೈನೂರು ಇದ್ದಳು. ನಾ ಸುಳ್ಳ ಬರದೆ."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವರು ಕತ್ತಿನ ಪಟ್ಟಿಯ ವಿಷಯ ಹೇಳಿದರು. ಅದು ಕೊಳೆಯಲ್ಲ, ಮೈಗೆ ಸಕ್ಕರೆ ಅರಗಿಸಲು ಕಷ್ಟವಾಗುತ್ತಿದೆ ಎಂಬುದರ ಗುರುತು ಇರಬಹುದು, ಉಜ್ಜಬೇಡ, ಪರೀಕ್ಷೆ ಮಾಡಿಸು ಎಂದರು. ಡಾಕ್ಟರು ಹೇಳುತ್ತಿದ್ದ ಚಿಕ್ಕ ಮಗು, ಅವಸರದ ಊಟ ಎಲ್ಲವನ್ನೂ ಹೇಳಿದರು. ಯಾಕೆ ಸುಳ್ಳು ಬರೆದಿರಿ ಎಂದು ಕೇಳಿದೆ. ನಿಮ್ಮತ್ತೆ ಬಾಗಿಲಲ್ಲೇ ನಿಂತಿದ್ದರು, ಹೆಣ್ಣು ಹುಟ್ಟಿದೆ, ಮೇಲೆ ಎರಡು ಕಿಲೋ ಕೂಡ ಇಲ್ಲ ಎಂದಿದ್ದರೆ ನಿನಗೆ ಅಲ್ಲಿಂದಲೇ ಶುರುವಾಗುತ್ತಿತ್ತು ಎಂದರು. ಹಸಿ ಬಾಣಂತಿ, ತಾಯಿಯಿಲ್ಲದ ಹುಡುಗಿ, ನಾಲ್ಕು ದಿನ ನೆಮ್ಮದಿಯಾಗಿ ಇರಲಿ ಅಂದುಕೊಂಡೆ ಎಂದರು.

ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ನಿಧಾನ. "ನೀವು ತೂಗಿದ್ದು ನನ್ನ ಮಗಳನ್ನೋ, ನಮ್ಮತ್ತೆ ಮುಖಾನೋ?" ಎಂದುಬಿಟ್ಟೆ. ಹನ್ನೆರಡು ವರ್ಷ ನನ್ನ ಮನೆಯ ಚಹಾ ಕುಡಿದು, ನನ್ನ ಕಣ್ಣೆದುರಿಗೇ ತಿನ್ನಿಸು ತಿನ್ನಿಸು ಎಂದಿರಲ್ಲ ಎಂದೆ. ಇನ್ನೂ ಏನೇನೋ ಅಂದೆ, ಅವನ್ನು ಬರೆಯಲು ನಾಚಿಕೆಯಾಗುತ್ತದೆ. ಅವರು ಡಾಕ್ಟರ ಕ್ಲಿನಿಕ್ಕಿನ ಸಮಯ ಬರೆದ ಚೀಟಿಯನ್ನು ಫ್ರಿಜ್ಜಿನ ಮೇಲಿಟ್ಟು ಹೋದರು. ಹಸುವಿಗೆ ಹಾಕಿದ ಶೇಂಗಾದ ವಿಷಯವನ್ನು ನಾನು ಆ ಹೊತ್ತಿನಲ್ಲಿ ಬೇಕೆಂದೇ ಮರೆತೆ.

ಪರೀಕ್ಷೆ ಮಾಡಿಸಿದೆವು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಹೊಸ್ತಿಲಲ್ಲಿ ನಿಂತಿದೆ ಎಂದರು ಡಾಕ್ಟರು. ಈಗಿನಿಂದ ನೋಡಿಕೊಂಡರೆ ಹಿಂದಕ್ಕೆ ಕಳಿಸಬಹುದು ಎಂದರು. ಅವತ್ತು ಮನೆಗೆ ಬಂದು ಪುಡಿಹಾಲಿನ ಡಬ್ಬಿ, ಬಿಸ್ಕತ್ತು, ತಂಪುಪಾನೀಯದ ಬಾಟಲಿ ಎಲ್ಲ ಕೆಲಸದವಳಿಗೂ ಕೊಡದೆ ಎಸೆದೆ. ಕೊಟ್ಟರೆ ಅವಳ ಮಕ್ಕಳು ತಿನ್ನುತ್ತಾರಲ್ಲ ಎಂದು ಆಗ ಹೊಳೆದದ್ದೇ ಆಶ್ಚರ್ಯ. ಮಗಳಿಗೆ ಮಾತ್ರ ಬೇರೆ ಹೇಳಿದೆ. ನಿನಗೆ ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ, ಎತ್ತರ ಬೆಳೆಯಬೇಕಾದರೆ ಓಡಾಡಬೇಕಂತೆ, ಅದಕ್ಕೆ ಈ ಊಟ ಎಂದೆ. ಹನ್ನೆರಡು ವರ್ಷದ ಹುಡುಗಿಯನ್ನು ಹೆದರಿಸುವುದು ಬೇಡ. ಅವಳ ಬಾಯಿಂದ ಅದು ಸ್ಕೂಲಿಗೆ, ಸ್ಕೂಲಿನಿಂದ ನಮ್ಮವರ ಮನೆಗಳಿಗೆ ಹೋದರೆ, ನಾಳೆ ಗಂಡಿನ ಕಡೆಯವರು ಬಂದಾಗ ಆ ಹುಡುಗಿಗೆ ಹುಟ್ಟಿನಿಂದಲೇ ಏನೋ ಇದೆಯಂತೆ ಎಂದಾಗುತ್ತದೆ. ತಾಯಿಯಾದವಳು ಇಷ್ಟು ಯೋಚಿಸಬೇಡವೇ ಎಂದು ನನಗೆ ನಾನೇ ಹೇಳಿಕೊಂಡೆ.

ಆ ಮೂರು ತಿಂಗಳು ಸಿಸ್ಟರ್‌ಬಾಯಿಯ ಸುದ್ದಿ ಬೇರೆಯವರಿಂದ ನನಗೆ ಬರುತ್ತಿತ್ತು. ಅವರು ನಮ್ಮ ಮನೆಗೆ ಮಾತ್ರ ಬಂದಿರಲಿಲ್ಲ. ತಾವು ಮೇಲಕ್ಕೆತ್ತಿದ ಮಕ್ಕಳ ಮನೆಗಳಿಗೆಲ್ಲ ಒಂದೊಂದಾಗಿ ಹೋಗುತ್ತಿದ್ದರು. ಕ್ಲಿನಿಕ್ಕು ಮುಗಿಸಿ, ಗಂಡನ ಲೂನಾದ ಹಿಂದೆ ಕೂತು, ಮನೆ ಹುಡುಕಿಕೊಂಡು. ನಿಜವಾದ ತೂಕ ಎಲ್ಲೂ ಬರೆದಿಟ್ಟಿರಲಿಲ್ಲ, ಎಲ್ಲ ತಲೆಯಲ್ಲೇ ಇತ್ತು. ಬ್ಯಾಂಕಿನವರ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ, ನಮ್ಮ ಹುಡುಗನಿಗೆ ಏನೂ ಆಗಿಲ್ಲ, ಅಪಶಕುನ ನುಡಿಯಬೇಡಿ ಎಂದು ಕಳಿಸಿದರಂತೆ. ರೈಲ್ವೆಯವರ ಅವಳಿ ಮಕ್ಕಳ ತಾಯಿ ಕೇಳಿ ಅತ್ತು, ಆಮೇಲೆ ಇಬ್ಬರನ್ನೂ ಕರೆದುಕೊಂಡು ಡಾಕ್ಟರ ಹತ್ತಿರ ಹೋದರಂತೆ. ಒಂದು ಮನೆಯಲ್ಲಿ ಗಂಡಸರು ಪೊಲೀಸಿಗೆ ಹೇಳುತ್ತೇವೆ ಎಂದರಂತೆ. ಇವರು, ಹೇಳಿ, ಆದರೆ ಮೊದಲು ಮಗುವಿನ ರಕ್ತ ಪರೀಕ್ಷೆ ಮಾಡಿಸಿ ಎಂದರಂತೆ. ಡಾಕ್ಟರಿಗೂ ತಾವೇ ಹೋಗಿ ಹೇಳಿಕೊಂಡಿದ್ದರು. ಕೆಲಸ ಹೋಗುತ್ತದೆಂದು ಬ್ಯಾಗು ಹಿಡಿದುಕೊಂಡೇ ಹೇಳಿದರಂತೆ. ಡಾಕ್ಟರು ಪೆನ್ನು ತೆಗೆದು, ಯಾವ ಯಾವ ಮಕ್ಕಳು, ಹೆಸರು ಹೇಳಿ, ಬರೆದುಕೊಳ್ಳುತ್ತೇನೆ ಎಂದರಂತೆ.

ಇದೆಲ್ಲ ಕೇಳಿ ನನ್ನ ಸಿಟ್ಟು ಸವೆಯಿತು. ಸವೆದ ಮೇಲೆ ಕೆಳಗಿದ್ದದ್ದು ಕಾಣಿಸಿತು. ಅವರು ತೂಕ ಮುಚ್ಚಿಟ್ಟರು, ಸರಿ. ಆ ತೂಕ ಕಡಿಮೆಯಾಗಲು ಅನ್ನ ಬಿಟ್ಟವಳು ನಾನು. ಬೇಸಗೆ ಶುರುವಾಗುವ ಹೊತ್ತಿಗೆ ಒಂದು ಸಂಜೆ ಅವರ ಮನೆಗೆ ಹೋಗಿ ಹಸುವಿನ ಕತೆ ಹೇಳಿದೆ. ಅವರು ಕೇಳಿ, ನನಗೆ ಗೊತ್ತಿತ್ತು, ಕಿಟಕಿಯಿಂದ ಕಾಣುತ್ತಿತ್ತು ಎಂದರು. ಮತ್ತೆ ಯಾಕೆ ಬಿಟ್ಟಿರಿ ಎಂದೆ. "ಬೈದ್ರ ನೀ ಬರೂದ ಬಿಡತಿದ್ದಿ. ಎರಡು ಕಾಳರ ತಿನ್ನಲಿ ಅಂದೆ," ಎಂದರು. ಆಮೇಲೆ ಇಬ್ಬರೂ ಅತ್ತೆವು. ಸಿಟ್ಟಿನಷ್ಟೇ ನಿಧಾನವಾಗಿ ನನಗೆ ಅಳುವೂ ನಿಲ್ಲುತ್ತದೆ. ಅವರು ಚಹಾ ಮಾಡಿ ತಂದರು, ಸಕ್ಕರೆಯಿಲ್ಲದ್ದು. ಬಾಯಿಗಿಡಲಾಗದಷ್ಟು ಕಹಿ. ಇಬ್ಬರೂ ಕುಡಿದೆವು.

ಅಲ್ಲಿಂದ ನಾಲ್ಕು ವರ್ಷ ಅವರು ಸಂಜೆ ನಮ್ಮ ಮನೆಗೆ ಬಂದು ಮಗಳನ್ನು ಅಂಬಾಝರಿ ಕೆರೆಯ ದಂಡೆಗೆ ನಡೆಯಲು ಕರೆದೊಯ್ಯುತ್ತಿದ್ದರು. ಮೊದಮೊದಲು ಅವಳಿಗೆ ನಾಚಿಕೆ, ಗೆಳತಿಯರು ನೋಡಿದರೆ ಎಂದು. ನಾನು ವಯಸ್ಸಾದವಳು, ಕಾಲು ಎಡವಿದರೆ ಹಿಡಿಯಲು ಒಬ್ಬರು ಬೇಕು, ನೀನಲ್ಲದೆ ಯಾರಿದ್ದಾರೆ ಎಂದು ಅವರು ನೆವ ಹೇಳಿದರು. ಎಡವುವ ಪೈಕಿ ಅಲ್ಲ ಅವರು, ನಮ್ಮ ಮಗಳೇ ಏದುಸಿರು ಬಿಡುತ್ತ ಹಿಂದೆ ಬೀಳುತ್ತಿದ್ದಳು. ಅವಳು ಮರಾಠಿಯಲ್ಲಿ ಮಾತಾಡುವುದು, ಇವರು ವಿಜಾಪುರದ ಕನ್ನಡದಲ್ಲಿ ಉತ್ತರ ಕೊಡುವುದು. ಅವಳು ಅವರನ್ನು ಮರಾಠಿಯಲ್ಲಿ ಅಜ್ಜಿಗೆ ಹೇಳುವ ಹಾಗೆ ಆಜಿ ಎಂದು ಕರೆದಳು. ಎರಡು ವರ್ಷದಲ್ಲಿ ಕತ್ತಿನ ಪಟ್ಟಿ ತಿಳಿಯಾಯಿತು. ಡಾಕ್ಟರು ಸಕ್ಕರೆ ನೋಡಿ, ಹೊಸ್ತಿಲಿನಿಂದ ಇಳಿದು ಅಂಗಳಕ್ಕೆ ಹೋಗಿದೆ, ಗೇಟು ಹಾಕಿಕೊಂಡೇ ಇರಬೇಕು ಎಂದರು.

ಕ್ಲಿನಿಕ್ಕಿನ ಕೆಲಸ ಬಿಟ್ಟ ಮೇಲೂ ಸಿಸ್ಟರ್‌ಬಾಯಿ ಸುಮ್ಮನೆ ಕೂರಲಿಲ್ಲ. ಯಾರ ಮನೆಯಲ್ಲಿ ಬಸುರಿ ಹುಡುಗಿ ಇದ್ದಾಳೆ ಎಂದು ತಿಳಿದರೂ ಶೇಂಗಾ ಬೆಲ್ಲದ ಡಬ್ಬಿ ಹಿಡಿದುಕೊಂಡು ಹೋಗುತ್ತಿದ್ದರು. ತಿನ್ನುವ ತನಕ ಎದುರಿಗೆ ಕೂರುವುದು, ಈ ಸಲ ಅತ್ತ ತಿರುಗುವುದೇ ಇಲ್ಲ. ಇಷ್ಟು ಯಾಕೆ ಒದ್ದಾಡುತ್ತೀರಿ ಎಂದು ಕೇಳಿದೆ. "ನಾ ಎಲ್ಲಾ ಹುಟ್ಟಿದ ಮ್ಯಾಲೆ ತೂಗೀನವಾ. ಹುಟ್ಟೂಕಿಂತ ಮೊದಲ ನೋಡಬೇಕಿತ್ತು," ಎಂದರು. ಹಾಗೆಂದವರೇ, ನಿನ್ನ ಮಗಳೂ ನಾಳೆ ಬಸುರಿಯಾಗುವವಳು, ಅವಳ ಮೈಯಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿರಬೇಕು, ಹೇಳಿದೆಯಾ ಎಂದು ಕೇಳಿದರು. ಹತ್ತನೆಯದು ಮುಗಿಯಲಿ ಹೇಳುತ್ತೇನೆ ಎಂದೆ. ಹತ್ತನೆಯದು ಮುಗಿಯಿತು. ಹನ್ನೆರಡನೆಯದು ಮುಗಿಯಲಿ ಎಂದೆ.

ಹೋದ ವರ್ಷ ಅವರ ಕಿಡ್ನಿ ಕೈಕೊಟ್ಟಿತು. ಹಳೆಯ ಸಕ್ಕರೆ ಕಾಯಿಲೆ, ತನ್ನ ಪಾಲಿನದನ್ನು ತೆಗೆದುಕೊಳ್ಳದೆ ಬಿಡುತ್ತದೆಯೇ. ಮುಖ ಊದಿಕೊಂಡು, ಆ ಸಣ್ಣ ಮೈಯವರು ಗುರುತೇ ಸಿಗದ ಹಾಗಾಗಿದ್ದರು. ನಾನು ಕೊನೆಯ ಸಲ ನೋಡಲು ಹೋದಾಗ ಮಾತು ಸ್ಪಷ್ಟವಿರಲಿಲ್ಲ. ಕೈಸನ್ನೆ ಮಾಡಿ ಹತ್ತಿರ ಕರೆದರು.

"ಆಕಿಗೆ ಹೇಳೀಯೇನ?"

"ಹೇಳಿದೆ ಅಕ್ಕ," ಎಂದೆ.

ಅವರು ಕಣ್ಣು ಮುಚ್ಚಿಕೊಂಡರು. ಮುಖದಲ್ಲಿ ನೆಮ್ಮದಿ ಕಂಡಿತು. ಅವರಿಗೆ ನಾಲ್ಕು ದಿನ ನೆಮ್ಮದಿ ಇರಲಿ ಎಂದು ನಾನು ಸುಳ್ಳು ಹೇಳಿದ್ದೆ. ಹೊರಗೆ ಬಂದು ಆಟೋದಲ್ಲಿ ಕೂತ ಮೇಲೆ ನಾನು ಏನು ಮಾಡಿದೆ ಎಂದು ನನಗೆ ತಿಳಿಯಿತು. ಅವರು ಹನ್ನೆರಡು ವರ್ಷ ಮುಚ್ಚಿಟ್ಟದ್ದಕ್ಕೆ ಬಾಯಿಗೆ ಬಂದಂತೆ ಅಂದವಳು ನಾನು. ನನ್ನ ಲೆಕ್ಕದಲ್ಲಿ ಆಗಲೇ ಐದು ವರ್ಷ ಆಗಿತ್ತು.

ನಾಲ್ಕು ದಿನವೂ ಅವರು ಉಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹೋದರು. ಮಣ್ಣು ಮಾಡಿ ಬಂದು ಸ್ನಾನ ಮುಗಿಸಿ ಕೂತಾಗ ಮಗಳು ಬಾಲ್ಕನಿಯಲ್ಲಿ ಒಬ್ಬಳೇ ಇದ್ದಳು. ಅತ್ತು ಅತ್ತು ಮುಖ ಕೆಂಪಾಗಿತ್ತು. ಆಜಿ ನನ್ನ ಮೇಲೆ ಯಾಕೆ ಅಷ್ಟು ಪ್ರೀತಿ ಇಟ್ಟಿದ್ದರು, ಊರಲ್ಲಿ ಅಷ್ಟು ಮಕ್ಕಳಿರುವಾಗ ದಿನಾ ನನ್ನನ್ನೇ ಯಾಕೆ ಕರೆದುಕೊಂಡು ಹೋಗುತ್ತಿದ್ದರು ಎಂದು ಕೇಳಿದಳು. ನಾನು ಹೇಳಿದೆ. ಕಾರ್ಡಿನ ತೂಕ, ನಿಜವಾದ ತೂಕ, ನಾನು ಬಿಟ್ಟ ಊಟ, ನಾನು ತುಂಬಿಸಿದ ಊಟ, ಕತ್ತಿನ ಪಟ್ಟಿ, ಅದು ಕೊಳೆಯೆಂದು ಉಜ್ಜಿದ್ದು, ಡಾಕ್ಟರು ಹೇಳಿದ್ದು, ಮುಂದೆಯೂ ಅವಳು ನೋಡಿಕೊಳ್ಳಬೇಕಾದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಸಿಟ್ಟು ಮಾಡುತ್ತಾಳೆ ಎಂದುಕೊಂಡಿದ್ದೆ, ನನ್ನ ಮಗಳಲ್ಲವೇ. ಅವಳು ತನ್ನ ಎರಡು ಅಂಗೈಗಳನ್ನು ಮುಂದೆ ಹಿಡಿದು, ಸ್ವಲ್ಪ ದೂರ ಮಾಡಿ, ಸ್ವಲ್ಪ ಹತ್ತಿರ ಮಾಡಿ ನೋಡಿಕೊಂಡಳು.

"ಇಷ್ಟೇ ಇದ್ನಾ ನಾನು? ಇಷ್ಟು ಚಿಕ್ಕವಳನ್ನ ನೀನು ಹೇಗಮ್ಮ ಎತ್ಕೊಂಡೆ?"

ಅವತ್ತು ಸುಳ್ಳು ಸಾಕಾಗಿತ್ತು.

"ನಾನು ಎತ್ಕೊಳ್ಳಲಿಲ್ಲ," ಎಂದೆ. "ಹೆಣ್ಣು ಅಂದ್ರು. ಗೋಡೆ ಕಡೆ ತಿರುಗಿ ಮಲಗಿಬಿಟ್ಟೆ. ಮೂರು ದಿನ ಆಜೀನೇ ನಿನ್ನ ಸೀರೆ ಒಳಗೆ ಎದೆಗೆ ಕಟ್ಟಿಕೊಂಡು ವಾರ್ಡೆಲ್ಲ ಓಡಾಡಿದ್ರು. ಹಾಲು ಕುಡಿಸೋಕೆ ಮಾತ್ರ ತಂದು ನನ್ನ ಪಕ್ಕ ಇಡ್ತಿದ್ರು, ಕುಡಿದ ಮೇಲೆ ಮತ್ತೆ ತಗೊಂಡು ಹೋಗ್ತಿದ್ರು."

ಮಗಳು ನನ್ನ ಮುಖ ನೋಡಿದಳು.

"ನಾಲ್ಕನೇ ದಿನ?"

"ನಾಲ್ಕನೇ ದಿನ ನೀನು ಹಾಲು ಕುಡಿದ ಮೇಲೆ ಆಜಿ ನಿನ್ನ ಎತ್ಕೊಂಡು ಹೋಗೋಕೆ ಬಂದ್ರು," ಎಂದೆ. "ನಾನು ಕೊಡಲಿಲ್ಲ."